ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ: ಸ್ಪೀಕರ್ ಕುರ್ಚಿ ಕಂಡವರು, ವಿರೋಧ ಪಕ್ಷದ ಬೆಂಚೂ ಕಂಡವರು

ಗುಂಡ್ಲುಪೇಟೆ: ಅಂಗಡಿಗೆ ಕಳ್ಳ ನುಗ್ಗಿದ್ರೆ, ಠಾಣೆಯಲ್ಲಿ ದೂರು ತಗೊಳ್ಳದೆ ಓಡಾಡಿಸಿದ್ರೆ, ಜಮೀನಿನ ಪಹಣಿ ತಿದ್ದುಪಡಿ ವರ್ಷಗಟ್ಟಲೆ ತಾಲ್ಲೂಕು ಕಚೇರಿಯಲ್ಲೇ ಕೂತ್ರೆ ನಮ್ಮ ಜನ ಕೊನೆಗೆ ಹೇಳೋದು ಒಂದೇ ಮಾತು, ಎಂಎಲ್‌ಎ ಹತ್ರ ಹೋಗೋಣ ಅಂತ. ಎಂಎಲ್‌ಎ ಫೋನ್ ಮಾಡಿದ್ರೆ ಕೆಲಸ ಆಗುತ್ತೆ ಅನ್ನೋ ನಂಬಿಕೆ. ಆದ್ರೆ ಫೋನ್ ಮಾಡಿಸೋದು ಒಂದು, ಸದನದಲ್ಲಿ ಎದ್ದು ನಿಂತು ಸರ್ಕಾರದಿಂದ ಉತ್ತರ ಕೇಳೋದು ಇನ್ನೊಂದು. ಎರಡನೇ ಕೆಲಸವನ್ನ ಇಡೀ ರಾಜ್ಯದ ಪರವಾಗಿ ಮಾಡೋ ಜಾಗ ಒಂದು ಕಾಲದಲ್ಲಿ ನಮ್ಮ ತಾಲ್ಲೂಕಿನ ಹೆಣ್ಣುಮಗಳಿಗೆ ಸಿಕ್ಕಿತ್ತು. ಅವರೇ ಕೆ.ಎಸ್. ನಾಗರತ್ನಮ್ಮ.

ಕರ್ನಾಟಕ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಅವರೇ. ವಿಧಾನಸಭೆಯ ಮೊದಲ ಮಹಿಳಾ ವಿರೋಧ ಪಕ್ಷದ ನಾಯಕಿಯೂ ಅವರೇ. ಅವರ ನಂತರ ಇವತ್ತಿನವರೆಗೂ ಈ ಎರಡು ಸ್ಥಾನಕ್ಕೆ ಇನ್ನೊಬ್ಬ ಮಹಿಳೆ ಬಂದಿಲ್ಲ. ಗುಂಡ್ಲುಪೇಟೆ ಕ್ಷೇತ್ರದಿಂದ ಒಟ್ಟು 7 ಸಲ ಗೆದ್ದ ಅವರು ತೀರಿಕೊಂಡು 30 ವರ್ಷದ ಮೇಲಾಯ್ತು. ಈಗಿನ ಹುಡುಗರಿಗೆ ಹೆಸರು ಗೊತ್ತು, ಅವರು ಕೂತಿದ್ದ ಕುರ್ಚಿಗಳ ಕಥೆ ಅಷ್ಟಾಗಿ ಗೊತ್ತಿಲ್ಲ.

ಯಾವ ಪಕ್ಷವೂ ಇಲ್ಲದೆ ಗೆದ್ದವರು

1957. ಕನ್ನಡ ಮಾತಾಡೋ ಪ್ರದೇಶಗಳೆಲ್ಲ ಒಂದಾಗಿ ಆಗಿನ್ನೂ ಒಂದು ವರ್ಷ ಆಗಿರಲಿಲ್ಲ. 1956ರ ನವೆಂಬರ್ 1ಕ್ಕೆ ಹೊಸ ಮೈಸೂರು ರಾಜ್ಯ ಹುಟ್ಟಿತ್ತು. ವಿಧಾನಸೌಧವೂ ಹೊಸದು. 208 ಸ್ಥಾನಗಳ ಹೊಸ ವಿಧಾನಸಭೆಗೆ ಮೊದಲ ಚುನಾವಣೆ ನಡೆದಾಗ ಎಲ್ಲೆಲ್ಲೂ ಕಾಂಗ್ರೆಸ್ ಗಾಳಿ. ಅಂಥ ಹೊತ್ತಲ್ಲಿ ಗುಂಡ್ಲುಪೇಟೆ ಜನ ಪಕ್ಷೇತರರಾಗಿ ನಿಂತ ಒಬ್ಬ ಹೆಣ್ಣುಮಗಳನ್ನ ಗೆಲ್ಲಿಸಿ ಕಳಿಸಿದ್ರು.

ಇದು ಆ ಕಾಲಕ್ಕೆ ಸಣ್ಣ ಮಾತಲ್ಲ. ಕಾಡಂಚಿನ ತಾಲ್ಲೂಕು, ಮಳೆ ನಂಬಿ ಬದುಕೋ ಊರುಗಳು. ಊಟಿ ಕಡೆಗೆ ಹೋಗೋ ರಸ್ತೆ, ಸುಲ್ತಾನ್ ಬತ್ತೇರಿ ಕಡೆಗೆ ಹೋಗೋ ರಸ್ತೆ ಕವಲೊಡೆಯೋ ಊರು ಅನ್ನೋದು ಬಿಟ್ರೆ ಬೆಂಗಳೂರಿಗೆ ಗುಂಡ್ಲುಪೇಟೆ ಬಹಳ ದೂರ. ರೈಲು ಆಗ್ಲೂ ಇರಲಿಲ್ಲ, ಈಗ್ಲೂ ಇಲ್ಲ. ಜಿಲ್ಲಾಧಿಕಾರಿ, ಎಸ್ಪಿ, ಜಿಲ್ಲಾ ಕೋರ್ಟು ಎಲ್ಲಾ ಮೈಸೂರಿನಲ್ಲಿ. ಬೇಗೂರು, ತೆರಕಣಾಂಬಿ, ಹಂಗಳ ಕಡೆಯ ರೈತನಿಗೆ ಒಂದು ಅರ್ಜಿ ಮೇಲಕ್ಕೆ ಕೊಡಬೇಕು ಅಂದ್ರೆ 60 ಕಿಲೋಮೀಟರ್ ಆಚೆ ಹೋಗಿ ಒಂದು ದಿನದ ಕೂಲಿ ಕಳ್ಕೊಂಡು ಬರಬೇಕಿತ್ತು.

ಪಕ್ಷೇತರ ಶಾಸಕರಿಗೆ ಒಂದು ಲಾಭ, ಒಂದು ನಷ್ಟ. ಹೀಗೇ ಓಟು ಹಾಕು ಅಂತ ವಿಪ್ ಕೊಡೋ ಪಕ್ಷ ಇರೋದಿಲ್ಲ, ಅದು ಲಾಭ. ಸದನದಲ್ಲಿ ಮಾತಾಡೋ ಸಮಯ ಹಂಚಿಕೆ ಆಗೋದು ಪಕ್ಷಗಳ ಬಲದ ಮೇಲೆ, ಹಿಂದೆ ನಿಲ್ಲೋರು ಯಾರೂ ಇರೋದಿಲ್ಲ, ಅದು ನಷ್ಟ. ಅಂಥವರ ಕೈಲಿ ಉಳಿಯೋ ದೊಡ್ಡ ಆಯುಧ ಅಂದ್ರೆ ಪ್ರಶ್ನೋತ್ತರ ವೇಳೆ. ಅಲ್ಲಿ ಒಬ್ಬನೇ ಶಾಸಕ ಕೇಳಿದ್ರೂ ಸಚಿವರು ಉತ್ತರ ಕೊಡಲೇಬೇಕು.

1962 ಮತ್ತು 1967ರಲ್ಲೂ ಗುಂಡ್ಲುಪೇಟೆ ಅವರನ್ನೇ ಕಳಿಸಿತು. ಆ 15 ವರ್ಷದಲ್ಲಿ ನಿಜಲಿಂಗಪ್ಪ, ಬಿ.ಡಿ. ಜತ್ತಿ, ಎಸ್.ಆರ್. ಕಂಠಿ, ವೀರೇಂದ್ರ ಪಾಟೀಲ ಹೀಗೆ ಮುಖ್ಯಮಂತ್ರಿಗಳು ಬದಲಾದರು. ನಮ್ಮ ಕ್ಷೇತ್ರದ ಶಾಸಕಿ ಮಾತ್ರ ಬದಲಾಗಲಿಲ್ಲ.

ಇವತ್ತಿಗೂ ನಮ್ಮನ್ನ ಆಳ್ತಿರೋ ಕಾನೂನುಗಳು

ನಾಗರತ್ನಮ್ಮ ಸದಸ್ಯೆಯಾಗಿದ್ದ ಆ ವರ್ಷಗಳಲ್ಲಿ ವಿಧಾನಸಭೆ ಮಾಡಿದ ಕಾನೂನುಗಳ ಪಟ್ಟಿ ನೋಡಿದ್ರೆ ಆಶ್ಚರ್ಯ ಆಗುತ್ತೆ. 1961ರ ಭೂ ಸುಧಾರಣಾ ಕಾಯ್ದೆ, 1963ರ ಪೊಲೀಸ್ ಕಾಯ್ದೆ, 1964ರ ಭೂ ಕಂದಾಯ ಕಾಯ್ದೆ, 1964ರ ಪುರಸಭೆಗಳ ಕಾಯ್ದೆ ಎಲ್ಲಾ ಆಗಿನವೇ. ಹೆಸರಿನಲ್ಲಿ ಮೈಸೂರು ಹೋಗಿ ಕರ್ನಾಟಕ ಬಂದಿದೆ, ನಡುವೆ ತಿದ್ದುಪಡಿಗಳು ಆಗಿವೆ. ಆದ್ರೆ ಬುನಾದಿ ಅದೇ.

ಜಾತ್ರೆ ಬಂದೋಬಸ್ತ್‌ಗೆ, ಗಲಾಟೆ ಆದಾಗ ಹೊರಡಿಸೋ ನಿರ್ಬಂಧಕ್ಕೆ, ಜೂಜಾಟದ ಕೇಸಿಗೆ ಠಾಣೆಯವರು ತೆಗೆಯೋದು 1963ರ ಕಾಯ್ದೆ. ಖಾತೆ, ಪಹಣಿ, ಒತ್ತುವರಿ ತೆರವು ಅಂದ್ರೆ ತಹಶೀಲ್ದಾರ್ ನೋಡೋದು 1964ರ ಭೂ ಕಂದಾಯ ಕಾಯ್ದೆ. ಅಂಗಡಿ ಲೈಸೆನ್ಸು, ಕಂದಾಯ, ಚರಂಡಿ ಅಂದ್ರೆ ಪುರಸಭೆ ನೋಡೋದು ಪುರಸಭೆಗಳ ಕಾಯ್ದೆ. ಅಂದ್ರೆ ಒಬ್ಬ ಸಾಮಾನ್ಯ ಮನುಷ್ಯ ಸರ್ಕಾರವನ್ನ ಮುಖಾಮುಖಿ ಆಗೋ ಮೂರು ಬಾಗಿಲುಗಳ ಚೌಕಟ್ಟು ಕೂರಿಸಿದ್ದು ಆ ಕಾಲದಲ್ಲಿ. ಆಗ ಸದನದಲ್ಲಿ ನಮ್ಮ ತಾಲ್ಲೂಕಿನ ಕುರ್ಚಿಯಲ್ಲಿ ಇದ್ದವರು ಇವರು.

ಪ್ರಶ್ನೆ ಒಂದು ಠಾಣೆಗೆ ಇಳಿಯೋದು ಹೇಗೆ

ಸದನದಲ್ಲಿ ಪ್ರಶ್ನೆ ಕೇಳಿದ್ರೆ ನಮಗೇನು ಲಾಭ ಅಂತ ಕೇಳೋರು ಇದ್ದಾರೆ. ಅದು ಕೆಲಸ ಮಾಡೋ ರೀತಿ ಹೀಗೆ. ಒಂದು ತಾಲ್ಲೂಕಿನಲ್ಲಿ ಎಷ್ಟು ಕಳ್ಳತನದ ಕೇಸು ದಾಖಲಾಗಿವೆ, ಎಷ್ಟು ಪತ್ತೆ ಆಗಿವೆ, ಎಷ್ಟು ಪೊಲೀಸ್ ಹುದ್ದೆ ಖಾಲಿ ಇವೆ ಅಂತ ಶಾಸಕರೊಬ್ಬರು ಲಿಖಿತವಾಗಿ ಕೇಳ್ತಾರೆ ಅಂದ್ಕೊಳ್ಳಿ. ಆ ಕಾಗದ ವಿಧಾನಸಭೆ ಸಚಿವಾಲಯದಿಂದ ಗೃಹ ಇಲಾಖೆಗೆ, ಅಲ್ಲಿಂದ ಪೊಲೀಸ್ ಪ್ರಧಾನ ಕಚೇರಿಗೆ, ಅಲ್ಲಿಂದ ಎಸ್ಪಿ ಕಚೇರಿಗೆ, ಅಲ್ಲಿಂದ ಸರ್ಕಲ್ ದಾಟಿ ಠಾಣೆಗೆ ಬರುತ್ತೆ. ಠಾಣೆಯ ರೈಟರ್ ರಿಜಿಸ್ಟರ್ ತೆಗೆದು ಲೆಕ್ಕ ಬರೀಬೇಕು. ಅದೇ ದಾರಿಯಲ್ಲಿ ಉತ್ತರ ಮೇಲಕ್ಕೆ ಹೋಗಿ ಸಚಿವರ ಬಾಯಲ್ಲಿ ಬರುತ್ತೆ, ಅಚ್ಚಾಗುತ್ತೆ, ಕಡತದಲ್ಲಿ ಉಳಿಯುತ್ತೆ.

ಚುಕ್ಕೆ ಗುರುತಿನ ಪ್ರಶ್ನೆ ಆದ್ರೆ ಸಚಿವರು ಸದನದಲ್ಲೇ ಉತ್ತರ ಹೇಳಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ. ತುರ್ತು ವಿಷಯಕ್ಕೆ ನಿಲುವಳಿ ಸೂಚನೆ, ಗಮನ ಸೆಳೆಯುವ ಸೂಚನೆ ಇದೆ. ಪೊಲೀಸ್ ಇಲಾಖೆಗೆ ದುಡ್ಡು ಮಂಜೂರು ಮಾಡೋ ಹೊತ್ತಲ್ಲಿ ಕಡಿತ ಸೂಚನೆ ತಂದು ಇಲಾಖೆಯ ಹುಳುಕನ್ನೆಲ್ಲ ಎತ್ತಬಹುದು. ಎಲ್ಲಕ್ಕಿಂತ ದೊಡ್ಡದು ಅವಿಶ್ವಾಸ ನಿರ್ಣಯ. ಆಡಳಿತ ಪಕ್ಷದವರು ಇವನ್ನ ಬಳಸೋದು ಕಡಿಮೆ, ತಮ್ಮ ಸರ್ಕಾರಕ್ಕೇ ಮುಜುಗರ ಅಂತ. ಹಾಗಾಗಿ ಈ ಕೆಲಸ ಹೆಚ್ಚಾಗಿ ಬೀಳೋದು ವಿರೋಧ ಪಕ್ಷದ ಹೆಗಲ ಮೇಲೆ.

ಈ ಸಲಕರಣೆಗಳನ್ನೆಲ್ಲ ಎರಡೂ ಕಡೆಯಿಂದ ಬಲ್ಲವರು ನಾಗರತ್ನಮ್ಮ. ಮೊದಲು ಕೇಳೋ ಜಾಗದಲ್ಲಿ ಕೂತರು. ಆಮೇಲೆ ಯಾರು ಕೇಳಬಹುದು ಅಂತ ತೀರ್ಮಾನ ಮಾಡೋ ಜಾಗದಲ್ಲಿ ಕೂತರು.

1972: ಸ್ಪೀಕರ್ ಪೀಠದಲ್ಲಿ ಗುಂಡ್ಲುಪೇಟೆ

1972ರ ಚುನಾವಣೆಯಲ್ಲಿ ಅವರು ಕಾಂಗ್ರೆಸ್‌ನಿಂದ ಗೆದ್ದರು. ಇಂದಿರಾ ಗಾಂಧಿ ಅಲೆಯಲ್ಲಿ 216 ಸ್ಥಾನದ ಪೈಕಿ 165 ಕಾಂಗ್ರೆಸ್ ಪಾಲಾಗಿ, ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿ ಆದರು. ಮಾರ್ಚ್‌ನಲ್ಲಿ ನಾಗರತ್ನಮ್ಮ ಸ್ಪೀಕರ್ ಆದರು. ಅಳಿದುಳಿದ ವಿರೋಧ ಪಕ್ಷಗಳಲ್ಲಿ 24 ಸ್ಥಾನ ಪಡೆದ ಸಂಸ್ಥಾ ಕಾಂಗ್ರೆಸ್ಸೇ ದೊಡ್ಡದು. ಅದರ ಎಚ್.ಡಿ. ದೇವೇಗೌಡರು ವಿರೋಧ ಪಕ್ಷದ ನಾಯಕ.

ಅವರು ಪೀಠದಲ್ಲಿದ್ದ ಆ ಸದನದ ಕೆಲಸ ಚರಿತ್ರೆ ಪುಸ್ತಕದಲ್ಲಿ ಇದೆ. ರಾಜ್ಯದ ಹೆಸರು ಕರ್ನಾಟಕ ಆಗಬೇಕು ಅನ್ನೋ ನಿರ್ಣಯ ವಿಧಾನಸಭೆಯಲ್ಲಿ ಪಾಸಾಗಿದ್ದು 1972ರ ಜುಲೈನಲ್ಲಿ. 1973ರ ನವೆಂಬರ್ 1ಕ್ಕೆ ಹೆಸರು ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಅನ್ನೋ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿ ಆಯ್ತು.

ಈ ಭೂ ಸುಧಾರಣೆಯ ಇನ್ನೊಂದು ಮುಖ ನ್ಯಾಯದ್ದು. ಗೇಣಿದಾರ ಸಿವಿಲ್ ಕೋರ್ಟಿಗೆ ಅಲೆದು ಸೋತು ಹೋಗ್ತಾನೆ ಅಂತ ತಾಲ್ಲೂಕು ಮಟ್ಟದಲ್ಲೇ ಭೂ ನ್ಯಾಯಮಂಡಳಿ ಮಾಡಿದ್ರು. ಏಳನೇ ನಮೂನೆ ಅರ್ಜಿ ಹಾಕಿದ್ರೆ ಸಾಕು. ಅಲ್ಲಿ ವಕೀಲರು ವಾದ ಮಾಡೋ ಹಾಗಿಲ್ಲ ಅಂತಲೂ ಇಟ್ಟಿದ್ರು, ದುಡ್ಡಿರೋ ಕಡೆಯವರು ದೊಡ್ಡ ವಕೀಲರನ್ನ ತಂದು ಬಡವನ ಬಾಯಿ ಮುಚ್ಚಿಸಬಾರದು ಅಂತ. ಇಂಥ ಕಾನೂನು ಸದನದಲ್ಲಿ ಚರ್ಚೆಗೆ ಬಂದಾಗ ಭೂಮಿ ಇರೋರು, ಇಲ್ಲದೋರು ಇಬ್ಬರ ಕಡೆಯವರೂ ಅಲ್ಲಿರ್ತಾರೆ. ಇಬ್ಬರಿಗೂ ಮಾತಾಡೋಕೆ ಬಿಡೋದು ಸ್ಪೀಕರ್ ಕೆಲಸ. ಸ್ಪೀಕರ್ ತಾನು ಚರ್ಚೆಯಲ್ಲಿ ಸೇರೋ ಹಾಗಿಲ್ಲ, ಎರಡೂ ಕಡೆ ಸಮ ಬಂದ್ರೆ ಮಾತ್ರ ಓಟು.

ಎಮರ್ಜೆನ್ಸಿ: ಖಾಲಿ ಬಿದ್ದ ಬೆಂಚು

1975ರ ಜೂನ್ 25ರ ರಾತ್ರಿ ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆ ಆಯ್ತು. ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರನ್ನ ಪೊಲೀಸರು ಅಲ್ಲೇ ಹಿಡಿದು ಸೆಂಟ್ರಲ್ ಜೈಲಿಗೆ ಹಾಕಿದ್ರು. ನಂತರ ದೇವೇಗೌಡರೂ ಅದೇ ಜೈಲು ಸೇರಿದ್ರು. ಮೀಸಾ ಕಾಯ್ದೆಯಲ್ಲಿ ಹಿಡಿದವರನ್ನ ಯಾಕೆ ಹಿಡಿದಿರಿ ಅಂತ ಕೋರ್ಟಲ್ಲೂ ಕೇಳೋ ಹಾಗಿರಲಿಲ್ಲ. ಪತ್ರಿಕೆಗಳಿಗೆ ಸೆನ್ಸಾರ್.

ನಾಗರತ್ನಮ್ಮ ಆಗ ಸ್ಪೀಕರ್, ಅದೂ ಆಡಳಿತ ಪಕ್ಷದವರು. ವಿರೋಧ ಪಕ್ಷದ ನಾಯಕನೇ ಜೈಲಿನಲ್ಲಿ ಇರೋವಾಗ ಸದನ ನಡೆಸಿದ ಪೀಠ ಅದು. ಅವರ ಬದುಕಿನ ಲೆಕ್ಕ ಬರೆಯೋವಾಗ ಈ ಪುಟ ಬಿಟ್ಟು ಬರೆದ್ರೆ ಅದು ಹೊಗಳಿಕೆ ಆಗುತ್ತೆ, ಲೆಕ್ಕ ಆಗಲ್ಲ. ಕೇಳೋ ಬಾಯಿಗೆ ಬೀಗ ಬಿದ್ದಾಗ ಪೊಲೀಸರು ಯಾರ ಮಾತು ಕೇಳ್ತಾರೆ ಅಂತ ಆ 21 ತಿಂಗಳು ಇಡೀ ದೇಶಕ್ಕೆ ತೋರಿಸಿತು. ನಿಯಮ ಪುಸ್ತಕ ಇತ್ತು, ಪೀಠ ಇತ್ತು, ಪ್ರಶ್ನೋತ್ತರಕ್ಕೆ ಬೇಕಾದ ಎದುರಾಳಿ ಇರಲಿಲ್ಲ.

1977ರ ಡಿಸೆಂಬರ್ 31ಕ್ಕೆ ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂದು ಅರಸು ಸರ್ಕಾರ ಹೋಯ್ತು, ವಿಧಾನಸಭೆ ವಿಸರ್ಜನೆ ಆಯ್ತು. ಆದ್ರೆ ಹೊಸ ಸದನ ಮೊದಲ ಸಲ ಸೇರೋವರೆಗೆ ಹಳೇ ಸ್ಪೀಕರ್ ಹುದ್ದೆಯಲ್ಲಿ ಇರಬೇಕು ಅಂತ ಸಂವಿಧಾನವೇ ಹೇಳುತ್ತೆ. ಹಾಗಾಗಿ ನಾಗರತ್ನಮ್ಮ 1978ರ ಮಾರ್ಚ್‌ವರೆಗೆ, ಹೆಚ್ಚೂ ಕಡಿಮೆ 6 ವರ್ಷ, ಸ್ಪೀಕರ್ ಆಗಿದ್ದರು.

ಐದು ವರ್ಷ ಹೊರಗೆ

1978ರಲ್ಲಿ ಆರಿಸಿ ಬಂದ ಸದನದಲ್ಲಿ ಅವರಿರಲಿಲ್ಲ. 21 ವರ್ಷದ ನಂತರ ಗುಂಡ್ಲುಪೇಟೆ ಬೇರೆಯವರನ್ನ ಆರಿಸಿತ್ತು.

ಅವರು ಹೊರಗಿದ್ದ ಆ ವರ್ಷಗಳಲ್ಲೇ ಪೊಲೀಸ್ ಮತ್ತು ರೈತರ ನಡುವೆ ದೊಡ್ಡ ಗಾಯ ಆಯ್ತು. 1980ರ ಜುಲೈನಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರ್. ರಾಜ್ಯದಲ್ಲಿ ರೈತ ಚಳವಳಿ ಎದ್ದಿತು. ಹಸಿರು ಶಾಲು ನಮ್ಮ ಕಡೆ ಹಳ್ಳಿಗಳಿಗೂ ಬಂತು. ತಹಶೀಲ್ದಾರ್ ಮುಂದೆ, ಸಬ್ ಇನ್ಸ್‌ಪೆಕ್ಟರ್ ಮುಂದೆ ಕೈಕಟ್ಟಿ ನಿಲ್ತಿದ್ದ ರೈತ ಎದುರು ನಿಂತು ಕೇಳೋದು ಕಲಿತ. 1983ರಲ್ಲಿ ಗುಂಡೂರಾವ್ ಸರ್ಕಾರ ಸೋತಿತು.

ಕಾಂಗ್ರೆಸ್ ಸೋತ ಅದೇ 1983ರಲ್ಲಿ ನಾಗರತ್ನಮ್ಮ ಮಾತ್ರ ಗುಂಡ್ಲುಪೇಟೆಯಿಂದ ಮತ್ತೆ ಗೆದ್ದು ಸದನಕ್ಕೆ ಬಂದರು. ಈ ಸಲ ಸ್ಪೀಕರ್ ಪೀಠ ಇಲ್ಲ. ಎದುರು ಬೆಂಚು. 1985ರಲ್ಲಿ ರಾಮಕೃಷ್ಣ ಹೆಗಡೆ ಅಲೆಯಲ್ಲಿ ಜನತಾ ಪಕ್ಷ 139 ಸ್ಥಾನ ಬಾಚಿಕೊಂಡಾಗಲೂ ಅವರು ಗೆದ್ದರು. ಕಾಂಗ್ರೆಸ್‌ಗೆ ಉಳಿದದ್ದು 65.

ವಿರೋಧ ಪಕ್ಷದ ನಾಯಕಿ

ಆ ಅವಧಿಯಲ್ಲಿ ಮೊದಲು ಎಸ್. ಬಂಗಾರಪ್ಪ ವಿರೋಧ ಪಕ್ಷದ ನಾಯಕರಾಗಿದ್ದರು. 1987ರಲ್ಲಿ ಆ ಸ್ಥಾನ ನಾಗರತ್ನಮ್ಮ ಅವರಿಗೆ ಬಂತು. ಸಂಪುಟ ದರ್ಜೆ ಸಚಿವರ ಸ್ಥಾನಮಾನ ಇರೋ ಹುದ್ದೆ ಇದು. ಯಾವ ವಿಷಯವನ್ನ ಸದನದ ಮುಂದೆ ಎಳೆದು ತರಬೇಕು ಅಂತ ಮೊದಲು ತೀರ್ಮಾನ ಮಾಡೋ ಜವಾಬ್ದಾರಿ ಈ ಹುದ್ದೆಯದ್ದು. ಸ್ಪೀಕರ್ ಆಗಿ ಬಿ.ಜಿ. ಬಣಕಾರ್ ಪೀಠದಲ್ಲಿದ್ದರೆ, ಅದೇ ಪೀಠದಲ್ಲಿ 6 ವರ್ಷ ಕೂತು ಬಂದವರು ಈಗ ಕೆಳಗೆ ನಿಂತು ಸಮಯ ಕೇಳಬೇಕಿತ್ತು. ನಾಗರತ್ನಮ್ಮ ಅವರ ಸ್ಪೀಕರ್ ಅವಧಿಯಲ್ಲಿ ವಿರೋಧ ಪಕ್ಷದ ನಾಯಕರಾಗಿದ್ದ ದೇವೇಗೌಡರು ಹೆಗಡೆ ಸರ್ಕಾರದಲ್ಲಿ ಸಚಿವ ಸ್ಥಾನಕ್ಕೆ ಬಂದಿದ್ದರು. ಚಕ್ರ ಪೂರ್ತಿ ತಿರುಗಿತ್ತು.

ಎದುರಿಗಿದ್ದ ಸರ್ಕಾರ ಸುಲಭದ್ದಲ್ಲ. 1984ರಲ್ಲಿ ಲೋಕಾಯುಕ್ತ ಕಾಯ್ದೆ ಮಾಡಿದ ಸರ್ಕಾರ ಅದು. ಲಂಚ ಕೇಳೋ ಅಧಿಕಾರಿ ಮೇಲೆ ಸಾಮಾನ್ಯ ಜನ ದೂರು ಕೊಡೋಕೆ ಒಂದು ಜಾಗ ಆಯ್ತು. 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿ ಚುನಾವಣೆ ಮಾಡಿಸಿ, ಅದರಲ್ಲಿ ಮಹಿಳೆಯರಿಗೆ ಶೇ. 25 ಮೀಸಲು ಕೊಟ್ಟಿದ್ದೂ ಅದೇ ಸರ್ಕಾರ.

ಅದರ ಹಿಂದೆ ಇದ್ದ ಗ್ರಾಮೀಣಾಭಿವೃದ್ಧಿ ಸಚಿವರು ಅಬ್ದುಲ್ ನಜೀರ್ ಸಾಬ್. ಅವರೂ ನಮ್ಮ ಗುಂಡ್ಲುಪೇಟೆಯವರೇ! ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಅದೇ ಸಂಪುಟದಲ್ಲಿ ಚಾಮರಾಜನಗರ ತಾಲ್ಲೂಕು ಆಲೂರಿನ ಬಿ. ರಾಚಯ್ಯ ಕೂಡ ಸಚಿವರಾಗಿದ್ದರು. ಅಂದ್ರೆ ಕುಡಿಯೋ ನೀರಿನ ಬಗ್ಗೆ, ಪಂಚಾಯಿತಿ ಬಗ್ಗೆ ಉತ್ತರ ಕೊಡೋ ಸಚಿವರು ಗುಂಡ್ಲುಪೇಟೆಯವರು. ಎದುರು ಬೆಂಚಿನ ಮುಂದಿನ ಸಾಲಿನಲ್ಲಿ ಕೂತ ವಿರೋಧ ಪಕ್ಷದ ನಾಯಕಿಯೂ ಗುಂಡ್ಲುಪೇಟೆಯವರು. ಒಂದೇ ಬರದ ತಾಲ್ಲೂಕು ಇಬ್ಬರನ್ನೂ ಕೊಟ್ಟಿತ್ತು. ನಜೀರ್ ಸಾಬ್ 1988ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ತರಬೇತಿ ಸಂಸ್ಥೆಗೆ ಅವರ ಹೆಸರೇ ಇದೆ.

ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳ್ಕೋತಾರೆ ಅನ್ನೋ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. ಆ ಹೆದರಿಕೆಗೆ ಎಷ್ಟೋ ಮುಖ್ಯಮಂತ್ರಿಗಳು ಈ ಕಡೆ ತಲೆ ಹಾಕ್ತಿರಲಿಲ್ಲ. ಮುಖ್ಯಮಂತ್ರಿ ಇಲ್ಲಿಗೆ ಬರಲ್ಲ ಅಂದ್ರೆ ಇಲ್ಲಿನ ಕಷ್ಟ ಅಲ್ಲಿಗೆ ಹೋಗಬೇಕು. ಸದನದಲ್ಲಿ ಈ ಕಡೆಯ ದನಿ ಗಟ್ಟಿ ಇರೋದು ಅದಕ್ಕೇ ಮುಖ್ಯವಾಗಿತ್ತು.

ಫೋನ್ ಕದ್ದಾಲಿಕೆ

1988ರಲ್ಲಿ ರಾಜ್ಯದ ಪೊಲೀಸ್ ಮೇಲೆ ದೊಡ್ಡ ಆರೋಪ ಬಂತು. ರಾಜಕಾರಣಿಗಳು, ಉದ್ಯಮಿಗಳ ಫೋನುಗಳನ್ನ ಕದ್ದು ಕೇಳಿಸಿಕೊಳ್ಳಲಾಗ್ತಿದೆ ಅಂತ. ಕದ್ದಾಲಿಕೆಗೆ ಆಧಾರ ಮಾಡ್ಕೊಂಡಿದ್ದು ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆ. ಅಪರಾಧಿಗಳನ್ನ ಹಿಡಿಯೋಕೆ ಕೊಟ್ಟ ಅಧಿಕಾರ ಸರ್ಕಾರಕ್ಕೆ ಆಗದವರ ಮಾತು ಕೇಳೋಕೆ ಬಳಕೆ ಆಯ್ತು ಅನ್ನೋದು ಆರೋಪ. ಮೌಲ್ಯಾಧಾರಿತ ರಾಜಕಾರಣ ಅಂತ ಹೆಸರಾಗಿದ್ದ ಹೆಗಡೆ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿ ಆದರು. ಆ ಹೊತ್ತಲ್ಲಿ ವಿರೋಧ ಪಕ್ಷದ ನಾಯಕಿ ಸ್ಥಾನದಲ್ಲಿ ಇದ್ದವರು ನಾಗರತ್ನಮ್ಮ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎಮರ್ಜೆನ್ಸಿಯಲ್ಲಿ ಪೊಲೀಸರನ್ನ ಬಳಸಿಕೊಂಡದ್ದು ಕಾಂಗ್ರೆಸ್, ಜೈಲಿಗೆ ಹೋದವರು ಎದುರಾಳಿಗಳು. 13 ವರ್ಷದ ನಂತರ ಅದೇ ಎದುರಾಳಿಗಳ ಸರ್ಕಾರದ ಮೇಲೆ ಪೊಲೀಸ್ ದುರುಪಯೋಗದ ಆರೋಪ, ಕೇಳೋ ಜಾಗದಲ್ಲಿ ಕಾಂಗ್ರೆಸ್. ಪಕ್ಷ ಯಾವುದಾದ್ರೂ ಖಾಕಿ ಕುರ್ಚಿಯ ಮಾತೇ ಕೇಳುತ್ತೆ. ತಡೆಯೋಕೆ ಇರೋದು ಎರಡೇ, ಒಂದು ಕೋರ್ಟು, ಇನ್ನೊಂದು ಸದನದಲ್ಲಿ ಎದ್ದು ನಿಲ್ಲೋ ವಿರೋಧ ಪಕ್ಷ. ಫೋನ್ ಕದ್ದಾಲಿಕೆಗೆ ಕಟ್ಟುನಿಟ್ಟಿನ ನಿಯಮ ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ, ಅಂದ್ರೆ 8 ವರ್ಷ ತಡವಾಗಿ. ಸದನದಲ್ಲಿ ಅಷ್ಟು ವರ್ಷ ಕಾಯಬೇಕಿಲ್ಲ, ಮಾರನೇ ದಿನವೇ ಕೇಳಬಹುದು.

ಬಾಗಿಲು ಮುಚ್ಚಿದ ದಿನ

1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರ್ಕಾರಕ್ಕೆ ಬೆಂಬಲ ಇಲ್ಲ ಅಂತ 19 ಶಾಸಕರ ಪತ್ರ ರಾಜ್ಯಪಾಲ ವೆಂಕಟಸುಬ್ಬಯ್ಯ ಅವರ ಕೈ ಸೇರಿತು. ಕೆಲವರು ಮಾತು ಬದಲಿಸಿ ಬೆಂಬಲ ವಾಪಸ್ ಕೊಟ್ಟರು. ಸದನದಲ್ಲೇ ಬಹುಮತ ತೋರಿಸ್ತೀನಿ ಅಂತ ಬೊಮ್ಮಾಯಿ ಕೇಳಿಕೊಂಡರು. ಅವಕಾಶ ಸಿಗಲಿಲ್ಲ. ಏಪ್ರಿಲ್ 21ಕ್ಕೆ ಸರ್ಕಾರ ವಜಾ, ವಿಧಾನಸಭೆ ವಿಸರ್ಜನೆ.

ದೆಹಲಿಯಲ್ಲಿ ಆಗ ಕಾಂಗ್ರೆಸ್ ಸರ್ಕಾರ. ರಾಜಕೀಯ ಲಾಭ ಕಾಂಗ್ರೆಸ್‌ಗೇ ಆಯ್ತು. ಆದ್ರೆ ಅವತ್ತು ಮುಖ್ಯಮಂತ್ರಿ ಜೊತೆಗೇ ವಿರೋಧ ಪಕ್ಷದ ನಾಯಕಿಯ ಸ್ಥಾನವೂ ಹೋಯ್ತು. ಸದನವೇ ಇಲ್ಲ ಅಂದ ಮೇಲೆ ಉತ್ತರ ಕೊಡೋರೂ ಇಲ್ಲ, ಕೇಳೋರೂ ಇಲ್ಲ. ಬೊಮ್ಮಾಯಿ ಬಿಡಲಿಲ್ಲ, ಕೋರ್ಟಿಗೆ ಹೋದರು. 1994ರ ಮಾರ್ಚ್ 11ಕ್ಕೆ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟು, ಬಹುಮತ ಇದೆಯೋ ಇಲ್ಲವೋ ಅನ್ನೋದು ಸದನದಲ್ಲೇ ತೀರ್ಮಾನ ಆಗಬೇಕು ಅಂತ ಹೇಳಿತು. ಇವತ್ತಿಗೂ ಯಾವ ರಾಜ್ಯದಲ್ಲಿ ಸರ್ಕಾರ ಅಲ್ಲಾಡಿದ್ರೂ ಆ ತೀರ್ಪಿನ ಹೆಸರೇ ಮೊದಲು ಬರೋದು.

ಆ ತೀರ್ಪು ನೋಡೋಕೆ ನಾಗರತ್ನಮ್ಮ ಇರಲಿಲ್ಲ. 1989ರ ಕೊನೆಗೆ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಾಗ ಅವರೂ 7ನೇ ಸಲ ಗೆದ್ದು ಆಡಳಿತ ಪಕ್ಷದ ಸಾಲಿಗೆ ವಾಪಸ್ ಬಂದಿದ್ದರು. 1993ರಲ್ಲಿ ತೀರಿಕೊಂಡರು. 1994ರಲ್ಲಿ ಎಚ್.ಎಸ್. ಮಹದೇವಪ್ರಸಾದ್ ಗೆದ್ದು ಕ್ಷೇತ್ರದಲ್ಲಿ ಹೊಸ ಅಧ್ಯಾಯ ಶುರುವಾಯ್ತು.

ಉಳಿದದ್ದು

1997ರ ಆಗಸ್ಟ್‌ನಲ್ಲಿ ಚಾಮರಾಜನಗರ ಬೇರೆ ಜಿಲ್ಲೆ ಆಯ್ತು. ಎಸ್ಪಿ, ಡಿಸಿ ಹತ್ತಿರಕ್ಕೆ ಬಂದರು. ಮೈಸೂರಿಗೆ ಅಲೆಯೋದು ತಪ್ಪಿತು. ಆದ್ರೆ ಕಚೇರಿ ಹತ್ತಿರ ಬಂದ ಮಾತ್ರಕ್ಕೆ ಕೆಲಸ ಬೇಗ ಆಗುತ್ತೆ ಅಂತೇನಿಲ್ಲ ಅನ್ನೋದು ತಾಲ್ಲೂಕು ಕಚೇರಿ ಮುಂದೆ ಕಾದು ನಿಂತವರಿಗೆಲ್ಲ ಗೊತ್ತು.

ಅವರ ಬದುಕಿನಲ್ಲಿ ಪಕ್ಷೇತರರ ಬೆಂಚು, ಸ್ಪೀಕರ್ ಪೀಠ, ಸೋಲು, ವಿರೋಧ ಪಕ್ಷದ ಮುಂದಿನ ಸಾಲು, ಆಡಳಿತ ಪಕ್ಷ ಎಲ್ಲಾ ಬಂದು ಹೋದವು. ಇಷ್ಟು ಜಾಗದಿಂದ ವಿಧಾನಸಭೆ ನೋಡಿದವರು ರಾಜ್ಯದಲ್ಲೇ ಕಡಿಮೆ. ಅದರಲ್ಲಿ ಊರಿಗೆ ಹೆಚ್ಚು ಉಪಯೋಗದ್ದು ಯಾವುದು ಅಂತ ಕೇಳಿದ್ರೆ ಸ್ಪೀಕರ್ ಪೀಠ ಅಂತ ಹೇಳೋರೇ ಹೆಚ್ಚು. ದೊಡ್ಡ ಹುದ್ದೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ. ಆದ್ರೆ ಠಾಣೆಯ ರಿಜಿಸ್ಟರ್ ತೆಗೆಸೋದು ಸ್ಪೀಕರ್ ಪೀಠ ಅಲ್ಲ, ಎದುರು ಬೆಂಚಿನ ಪ್ರಶ್ನೆ.

ಹಾಗಾಗಿ ಮುಂದಿನ ಸಲ ಎಂಎಲ್‌ಎ ಮನೆ ಮುಂದೆ ನಿಂತಾಗ ಒಂದು ಫೋನ್ ಮಾಡಿಸಿ ಬರೋದ್ರ ಜೊತೆಗೆ ಇನ್ನೊಂದು ಅರ್ಜಿಯನ್ನೂ ಕೊಟ್ಟು ಬರಬಹುದು. ಆಡಳಿತ ಪಕ್ಷದವರಾಗಲಿ, ವಿರೋಧ ಪಕ್ಷದವರಾಗಲಿ, ಈ ವಿಷಯವನ್ನ ಬರೋ ಅಧಿವೇಶನದಲ್ಲಿ ಲಿಖಿತವಾಗಿ ಕೇಳಿ ಅಂತ. ಫೋನ್ ಮಾಡಿದ ಮಾತು ಅವತ್ತಿಗೆ ಮುಗಿಯುತ್ತೆ. ಸದನದ ಉತ್ತರ ಕಡತದಲ್ಲಿ ಉಳಿಯುತ್ತೆ.